ಜಾಲತಾಣದ ಮೆನು ಮತ್ತು ಶೋಧಯಂತ್ರ: ಒಂದು ಚಾರಿತ್ರಿಕ ಅವಲೋಕನ

ಗ್ರಂಥಕ್ಕೆ ಪರಿವಿಡಿ ಹೇಗೋ ಜಾಲತಾಣಕ್ಕೆ ಮೆನು ಹಾಗೆ. ಓದುಗನು ಒಂದು ಪುಟದಿಂದ ಮತ್ತೊಂದಕ್ಕೆ ಸಾಗುವುದು ಇದರ ಮೂಲಕವೇ. ಆದರೆ ಗ್ರಂಥದ ಪರಿವಿಡಿಗೆ ಇಲ್ಲದ ಇನ್ನೊಬ್ಬ ಓದುಗ ಮೆನುವಿಗೆ ಇದ್ದಾನೆ. ಶೋಧಯಂತ್ರಕ್ಕಾಗಿ ಪುಟಗಳನ್ನು ಸಂಗ್ರಹಿಸುವ ಕ್ರಾಲರ್ ಎಂಬ ತಂತ್ರಾಂಶವೇ ಆ ಓದುಗ. ಪುಟದಲ್ಲಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಕ್ಕೆ ಹೋಗುವುದು ಅದರ ಕ್ರಮ. ಮನುಷ್ಯನ ಕಣ್ಣಿಗೂ ಯಂತ್ರದ ಓದಿಗೂ ಒಂದೇ ಮೆನು ಹೇಗೆ ಒದಗಬೇಕೆಂಬ ಪ್ರಶ್ನೆಯು ಮೆನುವಿನ ವಿನ್ಯಾಸದ ಚರಿತ್ರೆಯನ್ನು ಬಹುಮಟ್ಟಿಗೆ ರೂಪಿಸಿದೆ.

ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ 1991ರಲ್ಲಿ ಲೋಕಕ್ಕೆ ತೆರೆದಿಟ್ಟ ಮೊದಲ ಜಾಲತಾಣದಲ್ಲಿ ಪಠ್ಯರೂಪದ ಕೊಂಡಿಗಳಷ್ಟೇ ಇದ್ದವು. ಪಠ್ಯದ ನಡುವೆ ಚಿತ್ರಗಳನ್ನು ತೋರಿಸಬಲ್ಲ ಮೊಸಾಯಿಕ್ ಬ್ರೌಸರ್ 1993ರಲ್ಲಿ ಬಂದ ಮೇಲೆ ವಿನ್ಯಾಸಕಾರರ ಒಲವು ಅಲಂಕಾರದತ್ತ ಹೊರಳಿತು. 1995ರಲ್ಲಿ ಜಾವಾಸ್ಕ್ರಿಪ್ಟ್, 1996ರ ಕೊನೆಯಲ್ಲಿ ಫ್ಲ್ಯಾಶ್ ಬಂದವು. ಮೆನುವಿನ ಪದಗಳು ಚಿತ್ರಗಳಾದವು, ಗುಂಡಿಗಳಾದವು, ಮೌಸ್ ತಾಗಿದೊಡನೆ ಇಳಿದು ಬರುವ ಪಟ್ಟಿಗಳಾದವು.

ಈ ಸೊಬಗಿಗೆ ತೆತ್ತ ಬೆಲೆ ಕಡಿಮೆಯದಲ್ಲ. ಸರ್ವರ್ ಆಧಾರಿತ ಚಿತ್ರನಕ್ಷೆಯಲ್ಲಿ ಓದುಗನು ಒತ್ತಿದ ಬಿಂದುವಿನ ಸ್ಥಾನವನ್ನು ನೋಡಿ ಸರ್ವರು ಪುಟವನ್ನು ಕಳುಹಿಸುತ್ತಿತ್ತು. ಒತ್ತಲು ಬಾರದ ಕ್ರಾಲರಿಗೆ ಅಲ್ಲಿ ಹಿಡಿಯಲು ಕೊಂಡಿಯೇ ಇರಲಿಲ್ಲ. ಜಾವಾಸ್ಕ್ರಿಪ್ಟ್ ಮೆನುಗಳಲ್ಲಿ ಪುಟದ ವಿಳಾಸವು ಕ್ರಮವಿಧಿ ನಡೆದಾಗ ಮಾತ್ರ ಮೂಡುತ್ತಿತ್ತು. ಅಂದಿನ ಕ್ರಾಲರುಗಳು ಸಾಮಾನ್ಯವಾಗಿ ಅದನ್ನು ನಡೆಸುತ್ತಿರಲಿಲ್ಲ. ಹೀಗೆ ಬೇರೆ ದಾರಿಯಿಲ್ಲದ ಒಳಪುಟಗಳು ಜಾಲದಲ್ಲಿದ್ದೂ ಶೋಧಕ್ಕೆ ಸಿಗದೆ ಉಳಿದವು.

1998ರಲ್ಲಿ ಈ ಕೊರತೆಯ ಅರ್ಥ ಇನ್ನಷ್ಟು ವಿಸ್ತಾರಗೊಂಡಿತು. ಸರ್ಗೈ ಬ್ರಿನ್ ಮತ್ತು ಲ್ಯಾರಿ ಪೇಜ್ ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ಗೂಗಲ್ಲಿನ ರಚನೆಯನ್ನು ವಿವರಿಸುತ್ತ, ಕೊಂಡಿಯ ಪದಗಳನ್ನು ಅದು ತಲುಪುವ ಪುಟದ ವಿವರಣೆಯೆಂದೂ ಪರಿಗಣಿಸುವ ಕ್ರಮವನ್ನು ನಿರೂಪಿಸಿದರು. ಅಲ್ಲಿಂದ ಮುಂದೆ ಮೆನುವಿನ ಪದವು ದಾರಿಯನ್ನಷ್ಟೇ ಅಲ್ಲ, ಗುರಿಯ ಹೆಸರನ್ನೂ ಹೇಳುವಂತಾಯಿತು. ‘ಇಲ್ಲಿ ಒತ್ತಿ’ ಎಂಬ ಕೊಂಡಿಗಿಂತ ‘ವಚನ ಸಾಹಿತ್ಯ’ ಎಂಬ ಕೊಂಡಿ ಶೋಧಯಂತ್ರಕ್ಕೆ ಹೆಚ್ಚು ತಿಳಿಸುತ್ತದೆ.

ಪರಿಹಾರದ ಒಂದು ಮುಖ್ಯ ಎಳೆ ಬೇರೊಂದು ದಿಕ್ಕಿನಿಂದ ಬಂದುದು ಗಮನಾರ್ಹ. ಅಂಗವಿಕಲರಿಗೂ ಜಾಲ ಎಟುಕಬೇಕೆಂದು ವಿಶ್ವವ್ಯಾಪಿ ಜಾಲ ಒಕ್ಕೂಟವು 1999ರಲ್ಲಿ ಹೊರತಂದ ಸೂತ್ರಗಳು ಚಿತ್ರಗಳಿಗೆ ಪರ್ಯಾಯ ಪಠ್ಯವನ್ನೂ ಸರ್ವರ್ ಚಿತ್ರನಕ್ಷೆಗಳ ಜೊತೆಗೆ ಪಠ್ಯದ ಕೊಂಡಿಗಳನ್ನೂ ವಿಧಿಸಿದವು. ಅಂಧ ಓದುಗನಿಗೆ ನೆರವಾದದ್ದೇ ಕ್ರಾಲರಿಗೂ ನೆರವಾಯಿತು. 2002ರಲ್ಲಿ ಮಾರ್ಕ್ ನ್ಯೂಹೌಸ್, ಸಾಮಾನ್ಯ ಪಠ್ಯಪಟ್ಟಿಗೆ ಸಿಎಸ್ಎಸ್ ಶೈಲಿಯನ್ನು ತೊಡಿಸಿ ಮೆನು ರಚಿಸುವ ಬಗೆಯನ್ನು ವಿವರಿಸಿದರು. 2003ರಲ್ಲಿ ಪ್ಯಾಟ್ರಿಕ್ ಗ್ರಿಫಿತ್ಸ್ ಮತ್ತು ಡ್ಯಾನ್ ವೆಬ್ ಇಳಿಪಟ್ಟಿಯನ್ನೂ ಇದೇ ಕ್ರಮದಲ್ಲಿ ಸಾಧಿಸಿ ತೋರಿಸಿದರು. ಅಂದವು ಶೈಲಿಹಾಳೆಗೆ ಸೇರಿತು, ಅರ್ಥವು ಪಠ್ಯದಲ್ಲಿಯೇ ಉಳಿಯಿತು. ಪ್ರತಿ ಪುಟಕ್ಕೂ ಕನಿಷ್ಠ ಒಂದು ಸ್ಥಿರ ಪಠ್ಯಕೊಂಡಿಯಿರಲಿ ಎಂಬುದು ಆ ದಶಕದಲ್ಲಿ ಗೂಗಲ್ ಜಾಲತಾಣಗಳಿಗೆ ನೀಡಿದ ಸಲಹೆಯೂ ಆಗಿತ್ತು. ಪುಟಗಳ ವಿಳಾಸಪಟ್ಟಿಯನ್ನು ನೇರವಾಗಿ ಒಪ್ಪಿಸುವ ಸೈಟ್‌ಮ್ಯಾಪ್ ಪದ್ಧತಿಯನ್ನು ಗೂಗಲ್ 2005ರಲ್ಲಿ ತಂದಿತು. 2006ರಲ್ಲಿ ಯಾಹೂ ಮತ್ತು ಮೈಕ್ರೋಸಾಫ್ಟ್ ಅದನ್ನು ಅಂಗೀಕರಿಸಿದವು. ಆದರೆ ವಿಳಾಸಪಟ್ಟಿಯು ಪುಟದ ಇರವನ್ನು ತಿಳಿಸೀತೇ ಹೊರತು, ಮೆನುವಿನಂತೆ ಪುಟಪುಟಗಳ ಸಂಬಂಧವನ್ನು ಪದಗಳಲ್ಲಿ ಹೇಳಲಾರದು.

ಕನ್ನಡದ ಮಟ್ಟಿಗೆ ಈ ಸಮಸ್ಯೆಗೆ ಇನ್ನೊಂದು ಮುಖವಿತ್ತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ಹೊಂದಿತ್ತು. ಆದರೂ 2000ರ ದಶಕದಲ್ಲಿ ಅನೇಕ ಕನ್ನಡ ತಾಣಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನಿಟ್ಟ ಫಾಂಟುಗಳನ್ನು ಬಳಸಿದವು. ತೆರೆಯ ಮೇಲೆ ‘ಸಾಹಿತ್ಯ’ ಎಂದು ಕಂಡ ಮೆನು ಕ್ರಾಲರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪಾಗಿತ್ತು. ಕೊಂಡಿ ಸರಿಯಾಗಿದ್ದರೂ ಹೆಸರು ಕಳೆದುಹೋಗಿತ್ತು. ಯೂನಿಕೋಡಿನಲ್ಲಿ ಆ ಪದವನ್ನು ಹುಡುಕಿದವರಿಗೆ ಅಂತಹ ಪುಟಗಳು ಸಿಗುವಂತಿರಲಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಪಠ್ಯವೂ ಕೊಂಡಿಗಳೂ ಯೂನಿಕೋಡಿನಲ್ಲಿಯೇ ಇದ್ದುದರಿಂದ ಅದು ಈ ತೊಡಕಿಗೆ ಸಿಲುಕಲಿಲ್ಲ.

2014ರಲ್ಲಿ ಎಚ್‌ಟಿಎಂಎಲ್5 ಮಾನಕವಾದಾಗ ಮೆನುವಿಗೆಂದೇ ‘ನ್ಯಾವ್’ ಎಂಬ ಘಟಕವಿತ್ತು. ಫ್ಲ್ಯಾಶ್ 2020ರ ಡಿಸೆಂಬರ್ 31ರಂದು ಕೊನೆಗೊಂಡಿತು. ಮೆನುವನ್ನು ಅದರೊಳಗೆ ಮಾತ್ರ ಇರಿಸಿದ್ದ ತಾಣಗಳ ಬಾಗಿಲು ಸಾಮಾನ್ಯ ಬ್ರೌಸರುಗಳಲ್ಲಿ ಮನುಷ್ಯರಿಗೂ ಮುಚ್ಚಿಹೋಯಿತು. ಇಂದಿನ ಗೂಗಲ್ ಕ್ರಾಲರು ಜಾವಾಸ್ಕ್ರಿಪ್ಟನ್ನು ನಡೆಸಬಲ್ಲದು. ಆದರೂ ವಿಳಾಸವುಳ್ಳ ಸರಳ ಕೊಂಡಿಯನ್ನೇ ಅದು ಬಯಸುತ್ತದೆ. ಮೂರು ದಶಕಗಳ ಅಲಂಕಾರದ ಪ್ರಯೋಗಗಳ ನಂತರ ಉಳಿದು ಬಂದಿರುವುದು 1991ರ ಆ ಪಠ್ಯಕೊಂಡಿಯೇ. ಕನ್ನಡದ ಶಾಸನ, ಹಸ್ತಪ್ರತಿ, ಪತ್ರಿಕೆಗಳನ್ನು ಜಾಲಕ್ಕೇರಿಸುವ ಸಂಸ್ಥೆಗಳು ಈ ಚರಿತ್ರೆಯನ್ನು ಮನಗಾಣುವುದು ಅಗತ್ಯ. ಯೂನಿಕೋಡ್ ಕನ್ನಡದಲ್ಲಿ ಬರೆದ, ಒಳಪುಟದ ವಿಷಯವನ್ನು ಸ್ಪಷ್ಟವಾಗಿ ಹೆಸರಿಸುವ ಕೊಂಡಿಯಿಲ್ಲದಿದ್ದರೆ, ಸಂರಕ್ಷಿಸಿದ ಸಾಮಗ್ರಿಯೂ ಹುಡುಕುವವನ ಪಾಲಿಗೆ ಇಲ್ಲದಂತೆಯೇ ಆದೀತು.