ಹಣ್ಣಾಗಲಿ ಎಂದು ಕಾದದ್ದು

“ಪೊರೆ ಇನ್ನೂ ಕಾಯಿ ಕಣೇ. ಹಣ್ಣಾದ ಮೇಲೆ ತೆಗೆಸಿದರಾಯಿತು” ಎಂದು ಅವ್ವ ಎರಡು ವರ್ಷ ಹೇಳಿದಳು. ಬಾಳ್ಳುಪೇಟೆಯ ನಮ್ಮ ಬೀದಿಯ ಹಿರಿಯರೆಲ್ಲ ಹೇಳುವ ಮಾತೇ ಅದು. ಮಕ್ಕಳಿಗೆ ಚರಿತ್ರೆ ಪಾಠ ಮಾಡುವ ನಾನೂ ತಲೆಯಾಡಿಸಿದೆ. ಆ ಮಾತಿಗೂ ಒಂದು ಚರಿತ್ರೆಯಿದೆ ಎಂದು ಆಗ ಹೊಳೆಯಲಿಲ್ಲ.

ನಾನು ಚಿಕ್ಕವಳಿದ್ದಾಗ, 1978ರ ಸುಮಾರಿಗೆ, ಅಜ್ಜಿಗೆ ಉಚಿತ ಶಿಬಿರವೊಂದರಲ್ಲಿ ಪೊರೆ ತೆಗೆದರು. ಕಲ್ಯಾಣ ಮಂಟಪದಲ್ಲಿ ಸಾಲು ಚಾಪೆ, ಎಲ್ಲರ ಕಣ್ಣಿಗೂ ಬಿಳಿ ಪಟ್ಟಿ. ತಲೆ ಅಲ್ಲಾಡಿಸಬಾರದು, ಕೆಮ್ಮಬಾರದು. ಆಮೇಲೆ ಸೋಡಾ ಬಾಟಲಿಯ ತಳದಂಥ ಕನ್ನಡಕ. ಅದನ್ನು ತೆಗೆದಿಟ್ಟರೆ ಅಜ್ಜಿಗೆ ಮತ್ತೆ ಎಲ್ಲ ಮಸುಕು.

ಕರ್ನಾಟಕದಲ್ಲಿ ಅಂಥ ಶಿಬಿರವೆಂದರೆ ನೆನಪಾಗುವ ಹೆಸರು ಬೀಳಗಿಯ ಡಾ. ಎಂ. ಸಿ. ಮೋದಿಯವರದು. ಊರೂರು ತಿರುಗಿ ಬಡವರ ಕಣ್ಣು ತೆರೆಸಿದವರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1968ರಲ್ಲಿ ಪದ್ಮಭೂಷಣ ಪಡೆದ ಅವರು 2005ರಲ್ಲಿ ತೀರಿಕೊಂಡರು.

ಆ ಕಾಲದಲ್ಲಿ ಕಣ್ಣಿನ ಮಸೂರವನ್ನೇ ಇಡಿಯಾಗಿ ತೆಗೆದುಬಿಡುತ್ತಿದ್ದರು. ಬದಲಿಗೆ ಒಳಗೆ ಏನೂ ಇಡುತ್ತಿರಲಿಲ್ಲ. ಹಾಗಾಗಿ ದೃಷ್ಟಿ ಪೂರಾ ಮಂಕಾಗುವವರೆಗೆ ಕಾಯುವುದೇ ವಿವೇಕವಾಗಿತ್ತು. ಕಣ್ಣೊಳಗೆ ಕೃತಕ ಲೆನ್ಸ್ ಕೂರಿಸುವುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ತೋರಿಸಿದ್ದರು. ಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರು ಹೊಕ್ಕರೂ ಪೈಲಟ್‌ಗಳ ಕಣ್ಣು ಕೆರಳದಿದ್ದುದೇ ಅವರಿಗೆ ಸುಳಿವು. ಆದರೆ ಆ ಲೆನ್ಸ್ ನಮ್ಮ ಹಳ್ಳಿಗಳ ಅಜ್ಜಿಯರನ್ನು ಮುಟ್ಟಲು ದಶಕಗಳೇ ಬೇಕಾದವು. ಲೆನ್ಸ್ ಬಂತು, ಹಳೆಯ ಮಾತು ಮಾತ್ರ ಉಳಿಯಿತು.

ಒಂದು ರಾತ್ರಿ ಅವ್ವನ ಎಡಗಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿ ಶುರುವಾಯಿತು. ಬೆಳಗಾಗುತ್ತಲೇ ಹಾಸನಕ್ಕೆ ಓಡಿದೆವು. ಹಣ್ಣಾದ ಪೊರೆ ಊದಿಕೊಂಡು ಕಣ್ಣಿನ ಒತ್ತಡ ಏರಿತ್ತು. ಪೊರೆ ತೆಗೆದರು, ದೃಷ್ಟಿ ಮರಳಲಿಲ್ಲ. “ಮೊದಲೇ ಬರಬಾರದಿತ್ತೇನಮ್ಮ?” ಎಂದರು ಡಾಕ್ಟರು. ಮೇಷ್ಟರಮ್ಮನೆಂಬ ಹೆಸರು ಹೊತ್ತ ನನ್ನಲ್ಲಿ ಉತ್ತರವಿರಲಿಲ್ಲ.

ಬಲಗಣ್ಣಿಗೆ ಕಾಯಲಿಲ್ಲ. ಪುಕ್ಕಟೆ ಲೆನ್ಸ್ ಬಾಳದು, ಖಾಸಗಿಗೆ ಹೋಗಿ ಎಂದವರಿದ್ದರು. ಆದರೆ 1976ರಲ್ಲಿ ಶುರುವಾದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲೇ ಲೆನ್ಸ್ ಹಾಕಿಸಿದೆವು. ಮಾರನೆಯ ದಿನವೇ ಪಟ್ಟಿ ಬಿಚ್ಚಿದರು.

ಈಗ ಅವ್ವ ಜಗಲಿಯಲ್ಲಿ ಕೂತು ಮೆಣಸು ಆರಿಸುತ್ತಾಳೆ. ಎಡಗಡೆಯಿಂದ ಯಾರಾದರೂ ಬಂದರೆ ಪೂರ್ತಿ ತಿರುಗಿ ನೋಡುತ್ತಾಳೆ. ಪಕ್ಕದ ಮನೆಯವರು ಪೊರೆಯ ಮಾತೆತ್ತಿದರೆ ನನಗಿಂತ ಮೊದಲು ಅವಳೇ ಹೇಳುತ್ತಾಳೆ: “ಹಣ್ಣಾಗೋದು ಕಾಯಬೇಡ್ರವ್ವ, ಹೋಗಿ ತೋರಿಸ್ಕೊಂಡು ಬನ್ನಿ.”