ಕಾಕಂಬಿ ಕಳೆಯುವ ಕಥೆ

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುತ್ತಿದ್ದಂತೆ ಹಳೆಯ ಆಲೆಮನೆಗಳಲ್ಲಿ ಬೆಂಡೆಗಿಡದ ಕಾಂಡ ಜಜ್ಜಿ, ಅದರ ಲೋಳೆ ಸುರಿಯುತ್ತಿದ್ದರು. ಕೊಳೆಯೆಲ್ಲ ನೊರೆಯೊಂದಿಗೆ ಮೇಲೆ ಬಂದರೆ ಎತ್ತಿ ಹೊರಗೆಸೆಯುವುದು. ಜೊತೆಗೆ ಒಂದಿಷ್ಟು ಸುಣ್ಣ. ಹಾಲು ಹುಳಿಯಾಗೇ ಉಳಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವೆರಡೂ ಹರಳುಗಟ್ಟಲು ಬಿಡುವುದಿಲ್ಲ. ಹಳಸಿದ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಮೆತ್ತಗಾಗುವುದು ಇದರಿಂದಲೇ. ಸುಣ್ಣ ಕೈಮೀರಿದರೆ ಬೆಲ್ಲ ಕಪ್ಪು.

ಬೆಲ್ಲಕ್ಕೆ ಚೂರು ಕೊಳೆ ನಡೆಯುತ್ತದೆ, ಅರ್ಧ ರುಚಿ ಅದರಲ್ಲೇ ಇದೆ. ಸಕ್ಕರೆಗೆ ನಡೆಯದು.

ಬೆಳೆಯುವ ಹರಳು ತನ್ನಂಥ ಅಣುಗಳನ್ನಷ್ಟೇ ಸೇರಿಸಿಕೊಂಡು ಮಿಕ್ಕದ್ದನ್ನು ಪಾಕಕ್ಕೆ ದೂಡುತ್ತದೆ. ಹಾಗೆ ಉಳಿದದ್ದೇ ಕಾಕಂಬಿ. ಕಚ್ಚಾ ಸಕ್ಕರೆಯ ಕಂದು ಬಣ್ಣ ಬಹುಪಾಲು ಹರಳಿನ ಮೈಗೆ ಅಂಟಿದ ಕಾಕಂಬಿಯ ಪೊರೆ. ಆತುರದಲ್ಲಿ ಬೆಳೆದ ಹರಳು ಪಾಕದ ಹನಿಗಳನ್ನು ಒಳಗೇ ನುಂಗಿಬಿಟ್ಟಿರುತ್ತದೆ. ಅದನ್ನು ಎಷ್ಟು ತೊಳೆದರೂ ಅಷ್ಟೇ. ಪೊರೆ ಕಳೆಯಲು ಉತ್ತರ ಭಾರತದ ಖಂಡಸಾರಿ ಸಕ್ಕರೆ ಮಾಡುವವರು ಸಕ್ಕರೆಯ ಮೇಲೆ ಒದ್ದೆ ಜಲಕಳೆ ಹೊದಿಸುತ್ತಿದ್ದರು. ಬ್ರೆಜಿಲ್, ಕೆರಿಬಿಯನ್ ತೋಟಗಳಲ್ಲಿ ಹಸಿ ಜೇಡಿಮಣ್ಣು. ತೇವ ಮೆಲ್ಲಗೆ ಕೆಳಗಿಳಿದು ಕಾಕಂಬಿಯನ್ನು ಒಯ್ಯುತ್ತಿತ್ತು: ಮೇಲೆ ಬಿಳಿ, ತಳದಲ್ಲಿ ಕಂದು. ಮಣ್ಣು ಹಚ್ಚಿ ಬೆಳ್ಳಗೆ ಮಾಡುವ ಈ ಉಪಾಯ ಯಾರಿಗೆ ಮೊದಲು ಹೊಳೆಯಿತೋ! 19ನೇ ಶತಮಾನದ ಯುರೋಪಿನ ಕಾರ್ಖಾನೆಗಳು ಮೂಳೆಯ ಇದ್ದಿಲಿನಲ್ಲಿ ಪಾಕ ಸೋಸಿ ಬಣ್ಣ ಕಳೆದವು.

ಕೊಳೆ ಹರಳಿನ ಆಕಾರವನ್ನೂ ಕೆಡಿಸುತ್ತದೆ. ಬೀಟ್ ಸಕ್ಕರೆಯನ್ನೇ ನೋಡಿ. ಬೀಟ್‌ರೂಟಿನಲ್ಲಿ ಸಕ್ಕರೆಯಿದೆಯೆಂದು ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್ ಬರ್ಲಿನ್‌ನಲ್ಲಿ ತೋರಿಸಿದ್ದು 1747ರಲ್ಲಿ. ಅವನ ಶಿಷ್ಯ ಅಶಾರ್ಡ್ 19ನೇ ಶತಮಾನದ ಆರಂಭದಲ್ಲೇ ಬೀಟ್ ಸಕ್ಕರೆಯ ಕಾರ್ಖಾನೆ ನಡೆಸಿದ. ಆದರೆ ಬೀಟ್‌ನಲ್ಲಿ ರಾಫಿನೋಸ್ ಎಂಬ ಇನ್ನೊಂದು ಸಕ್ಕರೆಯೂ ಉಂಟು. ಅದು ಹರಳಿನ ಕೆಲವು ಮುಖಗಳಿಗೆ ಕಚ್ಚಿಕೊಂಡು ಅತ್ತ ಬೆಳೆಯಗೊಡುವುದಿಲ್ಲ. ಹರಳು ಇತ್ತ ಉದ್ದಕ್ಕೆ ಚಾಚಿ ಸೂಜಿಯಾಗುತ್ತದೆ. ಕಡಿದ ಮೇಲೆ ದಿನಗಟ್ಟಲೆ ಬಿದ್ದ ಕಬ್ಬಿನಲ್ಲಿ ಬ್ಯಾಕ್ಟೀರಿಯಾ ಹುಟ್ಟಿಸುವ ಡೆಕ್ಸ್‌ಟ್ರಾನ್ ಮಾಡುವುದೂ ಇದೇ ಕಿತಾಪತಿ.

ಇತ್ತ ನಮ್ಮಲ್ಲಿ ಕಾವೇರಿಯ ನಾಲೆ ನೀರು ಬಂದಮೇಲೆ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದರ ಹಿಂದಿದ್ದರು. ಇಂದು ದೇಶದ ಬಹುತೇಕ ಕಾರ್ಖಾನೆಗಳು ಸುಣ್ಣ, ಗಂಧಕದ ಹೊಗೆ ಎರಡರಿಂದಲೂ ಹಾಲನ್ನು ತಿಳಿಗೊಳಿಸುತ್ತವೆ.

ಬಿಳಿಯ ಆಸೆ ಆಲೆಮನೆಯನ್ನೂ ಬಿಡಲಿಲ್ಲ. ಹಳದಿ ಬೆಲ್ಲಕ್ಕೇ ಬೆಲೆಯೆಂದು ಈಗ ಎಷ್ಟೋ ಕಡೆ ಬೆಂಡೆಯ ಲೋಳೆಯ ಜಾಗಕ್ಕೆ ಬಣ್ಣ ಕಳೆಯುವ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಬಂದಿದೆ. ಅದರ ಹೊಳಪು ಹೆಚ್ಚು ದಿನ ನಿಲ್ಲುವುದಿಲ್ಲ. ಇಟ್ಟಲ್ಲೇ ಬೆಲ್ಲ ಮತ್ತೆ ಕಪ್ಪಾಗುತ್ತದೆ.