ರೊಟ್ಟಿಯ ಪಕ್ಕದ ಗುಳಿಗೆ

ಅಫಜಲಪುರದ ಕಡೆ ಗುಳಿಗೆಗಳಲ್ಲಿ ಎರಡೇ ಜಾತಿ. ಒಂದು ಬ್ಯಾನಿ ಗುಳಿಗಿ, ಇನ್ನೊಂದು ತಾಕತ್ತಿನ ಗುಳಿಗಿ. ಮೊದಲನೆಯದು ಜ್ವರ ಬಂದಾಗ ತಂದು, ಜ್ವರ ಬಿಟ್ಟ ಮೇಲೆ ಮರೆತುಬಿಡುವಂಥದ್ದು. ಎರಡನೆಯದಕ್ಕೆ ಮುಗಿಯುವ ದಿನವಿಲ್ಲ. ಬಸುರಿಗೆ ಕೊಡುವ ಕೆಂಪು ಗುಳಿಗೆ, ಬಾಯಿಹುಣ್ಣಾದವರಿಗೆ ಕೊಡುವ ಹಳದಿ ಬೀ-ಕಾಂಪ್ಲೆಕ್ಸ್, ಶಾಲೆಯ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ, ಮುದುಕರ ಮಂಡಿಗೆ ಸುಣ್ಣದ ಗುಳಿಗೆ. ಇವೆಲ್ಲ ತಾಕತ್ತಿನವು. ನಮ್ಮ ಮನೆಯ ಗೋಡೆಯ ಗೂಡಿನಲ್ಲೂ ವಿಭೂತಿ ಗಟ್ಟಿಯ ಪಕ್ಕ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತಿತ್ತು.

ಈ ಮಾತುಗಳಲ್ಲೇ ನಮ್ಮ ಸೀಮೆಯ ಚರಿತ್ರೆ ಅಡಗಿದೆ. ‘ದವಾಖಾನೆ’ ಮತ್ತು ‘ತಾಕತ್ತು’ ಉರ್ದುವಿನ ದಾರಿಯಲ್ಲಿ ಬಂದವು. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದ ಪ್ರಜೆಗಳು. ‘ಗುಳಿಗೆ’ ಸಂಸ್ಕೃತದ ಗುಳಿಕೆಯಿಂದ ಬಂದದ್ದು, ಪಂಡಿತರ ಚೀಲದಲ್ಲಿದ್ದ ಮಾತು. ಒಳಗಿನ ಮದ್ದು ಮಾತ್ರ ಕಾರ್ಖಾನೆಯದು. ತಾಕತ್ತು ಎಂಬುದು ಅನ್ನದಿಂದ ಬರಬೇಕಾದ ವಸ್ತು ಎಂದು ನಂಬಿದ್ದ ಜನ, ಅದು ಗುಳಿಗೆಯಿಂದ ಬರುತ್ತದೆ ಎಂದು ಯಾವಾಗ ಒಪ್ಪಿಕೊಂಡರು? ಈ ಪ್ರಶ್ನೆಯನ್ನು ಹಿಡಿದು ಓದುತ್ತಾ ಹೋದರೆ ದಾರಿ ನೇರವಾಗಿ ನಮ್ಮ ಜೋಳದ ರೊಟ್ಟಿಗೆ ಬಂದು ನಿಲ್ಲುತ್ತದೆ.

ಕತೆ ಶುರುವಾಗುವುದು ಬಹು ದೂರದಲ್ಲಿ. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್, ಬಡ ರೈತರ ಮೈಮೇಲೆ ಒಂದು ವಿಚಿತ್ರ ರೋಗ ಕಂಡ. ಬಿಸಿಲು ಬೀಳುವ ಕಡೆಯಲ್ಲೆಲ್ಲ, ಅಂದರೆ ಕೈ, ಪಾದ, ಕೊರಳಿನ ಸುತ್ತ, ಚರ್ಮ ಸುಟ್ಟಂತೆ ಕಪ್ಪಾಗಿ ಒರಟಾಗುತ್ತಿತ್ತು. ಕೊರಳಿನ ಕಪ್ಪುಪಟ್ಟಿಗೆ ಇವತ್ತಿಗೂ ‘ಕಸಾಲನ ಹಾರ’ ಎಂದೇ ಹೆಸರು. ಚರ್ಮದ ಹಿಂದೆ ಭೇದಿ, ಭೇದಿಯ ಹಿಂದೆ ಬುದ್ಧಿಭ್ರಮೆ, ಕೊನೆಗೆ ಸಾವು. 1771ರಲ್ಲಿ ಇಟಲಿಯ ಫ್ರಾಪೊಲ್ಲಿ ಇದಕ್ಕೆ ‘ಪೆಲಾಗ್ರ’ ಎಂದು ಹೆಸರಿಟ್ಟ. ಒರಟು ಚರ್ಮ ಎಂದು ಅದರರ್ಥ. ರೋಗಿಗಳೆಲ್ಲ ಅಮೆರಿಕಾ ಖಂಡದಿಂದ ಯುರೋಪಿಗೆ ಬಂದಿದ್ದ ಹೊಸ ಧಾನ್ಯ ಮೆಕ್ಕೆಜೋಳವನ್ನೇ ತಿಂದು ಬದುಕುತ್ತಿದ್ದವರು.

ಮೆಕ್ಕೆಜೋಳದ ಮೂಲ ಒಡೆಯರಾದ ಮೆಕ್ಸಿಕೋದ ಜನಕ್ಕೆ ಈ ರೋಗದ ಕಾಟ ಇರಲಿಲ್ಲ. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಅರೆದು ರೊಟ್ಟಿ ಮಾಡುತ್ತಿದ್ದರು. ಕಾಳಿನೊಳಗೆ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವವನ್ನು ಆ ಸುಣ್ಣ ಬಿಡಿಸುತ್ತಿತ್ತು. ಯುರೋಪು ಕಾಳನ್ನು ಒಯ್ದಿತು, ಅಡುಗೆಯನ್ನು ಒಯ್ಯಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಹಬ್ಬಿದಾಗ ಇದು ಸೋಂಕುರೋಗ ಎಂದೇ ಎಲ್ಲರೂ ನಂಬಿದ್ದರು. 1914ರಲ್ಲಿ ಅಲ್ಲಿನ ಸರ್ಕಾರ ಕಳಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಅನಾಥಾಶ್ರಮಗಳಲ್ಲಿ, ಹುಚ್ಚಾಸ್ಪತ್ರೆಗಳಲ್ಲಿ ಓಡಾಡಿ ಒಂದು ಸರಳ ಸಂಗತಿ ಗಮನಿಸಿದ: ಒಳಗಿನವರಿಗೆ ರೋಗ ಬರುತ್ತದೆ, ಅವರನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಬರುವುದಿಲ್ಲ. ಸೋಂಕು ಹುದ್ದೆ ನೋಡಿ ಅಂಟುತ್ತದೆಯೇ? ಅನುಮಾನ ತೀರಿಸಲು ಆತ, ಅವನ ಹೆಂಡತಿ ಮತ್ತು ಸಂಗಡಿಗರು 1916ರಲ್ಲಿ ರೋಗಿಗಳ ರಕ್ತ ಚುಚ್ಚಿಸಿಕೊಂಡರು. ಗಂಡಸರು ರೋಗಿಗಳ ಚರ್ಮದ ಹೊಪ್ಪಳೆಯನ್ನೂ ಹಿಟ್ಟಿನಲ್ಲಿ ಕಲಸಿ ನುಂಗಿದರು. ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಅರ್ಥಶಾಸ್ತ್ರಜ್ಞ ಸೈಡನ್‌ಸ್ಟ್ರಿಕರ್ ಜೊತೆ ಹತ್ತಿಗಿರಣಿ ಊರುಗಳ ಮನೆಮನೆ ಸುತ್ತಿ, ಮನೆಯ ಆದಾಯ ಇಳಿದಷ್ಟೂ ರೋಗ ಏರುತ್ತದೆ ಎಂದು ಲೆಕ್ಕ ಮುಂದಿಟ್ಟ. ಹಾಲು, ಮಾಂಸ ಕೊಳ್ಳಲಾಗದ ಮನೆಗಳ ರೋಗ ಇದು ಎಂದ. ದಕ್ಷಿಣದ ರಾಜಕಾರಣಿಗಳಿಗೆ ಸಿಟ್ಟು ಬಂತು. ರೋಗಾಣುವನ್ನು ಒಪ್ಪಿಕೊಳ್ಳಬಹುದಿತ್ತು, ಬಡತನವನ್ನು ಒಪ್ಪಿಕೊಳ್ಳುವುದು ಕಷ್ಟವಾಗಿತ್ತು. ಆತ 1929ರಲ್ಲಿ ತೀರಿಕೊಂಡ. 1937ರಲ್ಲಿ ಎಲ್ವೆಜೆಮ್ ಎಂಬ ವಿಜ್ಞಾನಿ, ನಾಯಿಗಳಿಗೆ ಬರುವ ಇಂಥದೇ ‘ಕರಿನಾಲಿಗೆ’ ರೋಗ ನಿಕೋಟಿನಿಕ್ ಆಮ್ಲದಿಂದ, ಅಂದರೆ ನಯಾಸಿನ್‌ನಿಂದ, ವಾಸಿಯಾಗುವುದನ್ನು ತೋರಿಸಿದ. ನಮ್ಮ ಹಳದಿ ಬೀ-ಕಾಂಪ್ಲೆಕ್ಸ್ ಗುಳಿಗೆಯೊಳಗೆ ಕೂತಿರುವ ಒಂದು ವಸ್ತು ಇದೇ.

ಈಗ ದಖ್ಖನಿಗೆ ಬರೋಣ. ಮೆಕ್ಕೆಜೋಳ ಮುಖ್ಯ ಊಟವಾಗಿರದ ನಮ್ಮ ಕರಿನೆಲದಲ್ಲೂ ಪೆಲಾಗ್ರ ಇತ್ತು. ಇಲ್ಲಿ ತಿನ್ನುತ್ತಿದ್ದದ್ದು ಜೋಳ. ಈ ಒಗಟು ಬಿಡಿಸಲು ಕೂತದ್ದು ಹೈದರಾಬಾದಿನ ಒಂದು ಪ್ರಯೋಗಾಲಯ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಕೂನೂರಿನಲ್ಲಿ ಬೆರಿಬೆರಿ ರೋಗದ ಅಧ್ಯಯನಕ್ಕೆಂದು ಒಂದು ಸಣ್ಣ ಘಟಕ ತೆರೆದಿದ್ದ. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಸಂಸ್ಥೆ ಹೈದರಾಬಾದಿಗೆ ಬರುವ ಎರಡು ವರ್ಷ ಮೊದಲು, 1956ರಲ್ಲಿ, ಗುಲಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಕಳಚಿ ಮೈಸೂರಿಗೆ ಸೇರಿತ್ತು. ನಕ್ಷೆಯ ಗೆರೆ ಸರಿಯಿತು; ಗೆರೆಯ ಎರಡೂ ಕಡೆ ತಟ್ಟೆಯಲ್ಲಿದ್ದದ್ದು ಮಾತ್ರ ಅದೇ ರೊಟ್ಟಿ, ಅದೇ ನುಚ್ಚು, ಅದೇ ಅಂಬಲಿ.

1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಜೋಳ ತಿನ್ನುವವರ ಪೆಲಾಗ್ರ ಕುರಿತು ಬರೆದರು. ಅವರು ಮುಂದಿಟ್ಟ ಸಮಸ್ಯೆ ಹೀಗಿತ್ತು. ನಯಾಸಿನ್ ಎರಡು ದಾರಿಯಿಂದ ದೇಹಕ್ಕೆ ಬರುತ್ತದೆ. ಒಂದು, ನೇರವಾಗಿ ಊಟದಿಂದ. ಇನ್ನೊಂದು, ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಂಶದಿಂದ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ನಿಂದ ದೇಹ 1 ಮಿಲಿಗ್ರಾಂ ನಯಾಸಿನ್ ಮಾಡಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಕಡಿಮೆ, ಸರಿ. ಜೋಳದಲ್ಲಿ ಅಷ್ಟು ಕಡಿಮೆಯಿಲ್ಲ. ಹಾಗಿದ್ದರೆ ರೋಗವೇಕೆ? ಎರಡೂ ಕಾಳುಗಳಲ್ಲಿ ಸಮಾನವಾಗಿ ಕಂಡದ್ದು ಲ್ಯೂಸಿನ್ ಎಂಬ ಇನ್ನೊಂದು ಅಂಶದ ಹೆಚ್ಚಳ. ಈ ಲ್ಯೂಸಿನ್ ಹೆಚ್ಚಾದಾಗ ನಯಾಸಿನ್ ತಯಾರಾಗುವ ಕೆಲಸಕ್ಕೆ ಅಡ್ಡಗಾಲು ಬೀಳುತ್ತದೆ ಎಂಬುದು ಅವರ ವಾದ. ಜೋಳ ತಿನ್ನಿಸಿದ ನಾಯಿಗಳಿಗೆ ಕರಿನಾಲಿಗೆ ಬಂದದ್ದನ್ನೂ ಆ ಸಂಸ್ಥೆಯವರು ಮುಂದೆ ವರದಿ ಮಾಡಿದರು. ಜೋಳದ ಎಲ್ಲ ತಳಿಗಳಲ್ಲೂ ಲ್ಯೂಸಿನ್ ಒಂದೇ ಸಮ ಇಲ್ಲವೆಂದು ಕಂಡು, ಕಡಿಮೆ ಇರುವ ತಳಿಗಳತ್ತ ಬೆರಳು ಮಾಡಿದರು.

ವಿಜ್ಞಾನ ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಪ್ರಯೋಗಾಲಯಗಳಲ್ಲಿ ಎಲ್ಲೆಡೆಯೂ ಅದೇ ಫಲ ಸಿಗಲಿಲ್ಲ. ಬಿ6 ಜೀವಸತ್ವದ ಕೊರತೆಯೂ ಸೇರಿರಬಹುದು, ಜೋಳದಲ್ಲೂ ನಯಾಸಿನ್ ಬಿಗಿದುಕೊಂಡಿರುವುದು ಕಾರಣವಿರಬಹುದು ಎಂಬ ಮಾತುಗಳು ಬಂದವು. ಲ್ಯೂಸಿನ್ ವಾದ ಪೂರ್ತಿ ಗೆಲ್ಲಲೂ ಇಲ್ಲ, ಪೂರ್ತಿ ಸೋಲಲೂ ಇಲ್ಲ.

ನಾನು ಈ ಚರ್ಚೆಯನ್ನು ಓದುವಾಗ ವಿಜ್ಞಾನಿಯಾಗಿ ಓದಲಿಲ್ಲ, ಜೋಳ ತಿಂದು ಬೆಳೆದವನಾಗಿ ಓದಿದೆ. ಆಗ ಒಂದು ಪ್ರಶ್ನೆ ಕಾಡಿತು. ಈ ಕಟಕಟೆಯಲ್ಲಿ ಜೋಳ ನಿಂತದ್ದು ಸರಿಯೇ? ನಮ್ಮಲ್ಲಿ ತಲೆತಲಾಂತರದಿಂದ ಜೋಳ ತಿಂದು ಗಟ್ಟಿಯಾಗಿ ಬಾಳಿದವರು ಎಷ್ಟಿಲ್ಲ? ಆದರೆ ಅವರ ತಟ್ಟೆಯನ್ನು ಒಮ್ಮೆ ನೋಡಬೇಕು. ರೊಟ್ಟಿಯ ಮೇಲೆ ತೊಗರಿಬೇಳೆ ಹಾಕಿ ಕುದಿಸಿದ ಪುಂಡಿಪಲ್ಯ, ಪಕ್ಕಕ್ಕೆ ಶೇಂಗಾ ಹಿಂಡಿ, ಒಂದು ಲೋಟ ಮಜ್ಜಿಗೆ. ಶೇಂಗಾದಲ್ಲಿ ನಯಾಸಿನ್ ಧಾರಾಳವಾಗಿದೆ. ಬೇಳೆ, ಮಜ್ಜಿಗೆಗಳಿಂದ ಟ್ರಿಪ್ಟೊಫ್ಯಾನ್ ಬರುತ್ತದೆ. ಮೆಕ್ಸಿಕೋದ ಹೆಂಗಸರು ಸುಣ್ಣದಿಂದ ಸಾಧಿಸಿದ್ದನ್ನು ನಮ್ಮ ಹೆಂಗಸರು ಹಿಂಡಿ ಕುಟ್ಟಿ ಸಾಧಿಸಿದ್ದರು. ಎರಡೂ ಕಡೆ ಜೀವಸತ್ವದ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಈ ತಟ್ಟೆ ಎಲ್ಲರ ಮನೆಯಲ್ಲಿ ಇರಲಿಲ್ಲ ಎಂಬುದೇ ವಿಷಯ. ಹೊಲವಿಲ್ಲದವರ ಪಾಲಿಗೆ ರೊಟ್ಟಿ ಮತ್ತು ಒಣಮೆಣಸಿನ ಕಾರ, ಅದೂ ಇಲ್ಲದ ದಿನ ನುಚ್ಚಿನ ಗಂಜಿ. ತೊಗರಿಯ ಕಣಜ ಎಂದು ಹೆಸರಾದ ಜಿಲ್ಲೆ ನಮ್ಮದು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ತೊಗರಿ ರೊಕ್ಕದ ಬೆಳೆ. ಅದು ಹೊಲದಿಂದ ಅಡತಿ ಅಂಗಡಿಗೆ ಹೋಗುತ್ತದೆ. ರಾಶಿ ಮಾಡಿದ ಕೂಲಿಯವರ ಮನೆಗೆ ಅದು ಮರಳಿ ಬರಬೇಕಾದರೆ ಕಿರಾಣಿ ಅಂಗಡಿಯ ದರದಲ್ಲಿ ಬರಬೇಕು. ಗೋಲ್ಡ್‌ಬರ್ಗರ್ ಗಿರಣಿಯೂರಿನಲ್ಲಿ ಕಂಡದ್ದೂ ಇದನ್ನೇ: ರೋಗ ಕಾಳಿನೊಳಗಿಲ್ಲ, ಕಾಳಿನ ಪಕ್ಕದ ಖಾಲಿ ಜಾಗದಲ್ಲಿದೆ. ಆ ಖಾಲಿ ಜಾಗದಲ್ಲಿ ಬಂದು ಕೂತದ್ದು ಗುಳಿಗೆ.

ಕೆಂಪು ಗುಳಿಗೆಯ ಕತೆಯೂ ಹೀಗೆಯೇ ಸಾಗಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದದ್ದು, ಗಿರಣಿ ಕೆಲಸದ ಬಡ ಬಸುರಿಯರನ್ನು ಕೊಲ್ಲುತ್ತಿದ್ದ ರಕ್ತಹೀನತೆಯ ಕಾರಣ ಹುಡುಕಲು. ಯೀಸ್ಟಿನ ಸಾರವಾದ ಮಾರ್ಮೈಟ್ ತಿನ್ನಿಸಿದಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಆಕೆ ಇದನ್ನು ಪ್ರಕಟಿಸಿದಾಗ ಅದರೊಳಗಿನ ಅಂಶಕ್ಕೆ ಹೆಸರೇ ಇರಲಿಲ್ಲ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು, ಎಲೆಯ ಲ್ಯಾಟಿನ್ ಹೆಸರು ಹಿಡಿದು, ಫೋಲಿಕ್ ಆಮ್ಲ ಎಂದರು. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥ ಭೀಮಾವರದಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್. ಮುಂಬಯಿಯ ಬಸುರಿಯರಿಂದ ಹೊರಟ ಪ್ರಶ್ನೆಗೆ ಆಂಧ್ರದ ಮನುಷ್ಯ ನ್ಯೂಯಾರ್ಕ್ ರಾಜ್ಯದಲ್ಲಿ ಕೂತು ಉತ್ತರ ಕೊಟ್ಟಂತಾಯಿತು. 1970ರಲ್ಲಿ ಭಾರತ ಸರ್ಕಾರ ರಕ್ತಹೀನತೆ ತಡೆಯ ಕಾರ್ಯಕ್ರಮ ಆರಂಭಿಸಿ, ಕಬ್ಬಿಣ ಮತ್ತು ಫೋಲಿಕ್ ಆಮ್ಲ ಸೇರಿದ ಗುಳಿಗೆಯನ್ನು ಹಳ್ಳಿಗೆ ತಂದಿತು. 2018ರ ‘ಅನೀಮಿಯಾ ಮುಕ್ತ ಭಾರತ’ದಲ್ಲಿ ಬಣ್ಣಗಳು ಹಂಚಿಕೆಯಾದವು: ಚಿಕ್ಕ ಮಕ್ಕಳಿಗೆ ಗುಲಾಬಿ, ಹರೆಯದವರಿಗೆ ನೀಲಿ, ದೊಡ್ಡವರಿಗೆ ಕೆಂಪು.

ಐವತ್ತು ವರ್ಷ ಗುಳಿಗೆ ಹಂಚಿದ ಮೇಲೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ನಮ್ಮಲ್ಲಿ ಇದಕ್ಕೆ ಹೆಂಗಸರನ್ನೇ ಬೈಯುವುದು ರೂಢಿ: ಗುಳಿಗೆ ಕೊಟ್ಟರೆ ಗೂಡಿನಲ್ಲಿಡುತ್ತಾರೆ, ನುಂಗುವುದಿಲ್ಲ ಎಂದು. ಅವರು ಹೇಳುವುದನ್ನೂ ಕೇಳಬೇಕು. ಖಾಲಿ ಹೊಟ್ಟೆಗೆ ಹಾಕಿಕೊಂಡರೆ ಓಕರಿಕೆ, ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಾಗುತ್ತದೆ. ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಲಿಂಬೆಹುಳಿಯಂಥದ್ದು ಜೊತೆಗಿದ್ದರೆ ಹತ್ತುತ್ತದೆ. ನಸುಕಿನಲ್ಲಿ ಬರೀ ಚಹಾ ಕುಡಿದು ಕಳೆ ತೆಗೆಯಲು ಹೋಗುವವಳಿಗೆ ಈ ಗುಳಿಗೆಯನ್ನು ಊಟದ ಮೇಲೆ ತಗೊ ಎಂದರೆ, ಆ ಊಟ ಯಾವುದು ಎಂದು ಅವಳು ಕೇಳುವುದು ನ್ಯಾಯವೇ ಆಗಿದೆ.

ಇನ್ನೊಂದು ತಿರುವು ಈಗಿನದು. 2013ರ ಜುಲೈನಲ್ಲಿ ಅನ್ನಭಾಗ್ಯ ಬಂತು. ಅಕ್ಕಿ ಹಬ್ಬದ ಊಟವಾಗಿದ್ದ ಮನೆಗಳಲ್ಲಿ ಅದು ದಿನದ ಊಟವಾಯಿತು. ಅದನ್ನು ಹಗುರಾಗಿ ಆಡಿಕೊಳ್ಳುವವರು ಹಸಿವು ಕಂಡವರಲ್ಲ. ಆದರೆ ಜೋಳದ ಊಟ ಹಿಂದೆ ಸರಿಯಿತು. ಭೀಮಾ ದಡದಲ್ಲಿ, ನೀರು ಸಿಕ್ಕ ಹೊಲಗಳಲ್ಲಿ, ಕಬ್ಬು ಬಂತು. ರೊಟ್ಟಿ ಬಡಿಯುವುದಕ್ಕಿಂತ ಅನ್ನಕ್ಕಿಡುವುದು ಸುಲಭ ಎಂಬುದೂ ನಿಜ. ಇದೇ ಹೊತ್ತಿಗೆ ಊರೂರಿನಲ್ಲಿ ‘ಸಕ್ಕರಿ ಬ್ಯಾನಿ’ ಕಾಣಿಸಿಕೊಂಡು, ದಿನದ ಗುಳಿಗೆಗಳ ಸಾಲಿಗೆ ಮೆಟ್‌ಫಾರ್ಮಿನ್ ಸೇರಿತು. ಯುರೋಪಿನ ಒಂದು ಹೂಗಿಡದ ಗುಣದ ಜಾಡು ಹಿಡಿದು ತಯಾರಾದ ಈ ಮದ್ದನ್ನು 1957ರಲ್ಲಿ ಫ್ರಾನ್ಸಿನ ಜಾನ್ ಸ್ಟರ್ನ್ ಸಕ್ಕರೆ ಕಾಯಿಲೆಗೆ ಬಳಸಿ ವರದಿ ಮಾಡಿದ್ದ. ಒಳ್ಳೆಯ ಮದ್ದು, ಕಡಿಮೆ ಬೆಲೆಯದು. ಬಹುಕಾಲ ತೆಗೆದುಕೊಂಡರೆ ಕೆಲವರಲ್ಲಿ ಬಿ12 ಕಡಿಮೆಯಾಗುತ್ತದೆ. ಆಗ ಅದಕ್ಕೆ ಇನ್ನೊಂದು ಗುಳಿಗೆ. ಈ ರೋಗಿಗೆ ಈಗ ವೈದ್ಯರು ಹೇಳುವುದೇನು? ಅನ್ನ ಕಡಿಮೆ ಮಾಡಿ, ಜೋಳದ ರೊಟ್ಟಿ ತಿನ್ನಿ! ಒಮ್ಮೆ ರೋಗದ ಕಾರಣವೆಂದು ಕಟಕಟೆ ಹತ್ತಿದ್ದ ಕಾಳು ಈಗ ಪಥ್ಯವಾಗಿದೆ. 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದಾಗ, ಜೋಳವೂ ಆ ಪಟ್ಟಿಯಲ್ಲಿತ್ತು.

ಗುಳಿಗೆ ಈಗ ಅಕ್ಕಿಯೊಳಗೇ ಬಂದಿದೆ. 2021ರ ಆಗಸ್ಟ್ 15ರಂದು ಪ್ರಧಾನಿ ಸಾರವರ್ಧಿತ ಅಕ್ಕಿಯ ಯೋಜನೆ ಪ್ರಕಟಿಸಿದರು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಕಾಳಿನ ಆಕಾರ ಕೊಟ್ಟು, ನೂರಕ್ಕೆ ಒಂದರಂತೆ ಅಕ್ಕಿಯಲ್ಲಿ ಸೇರಿಸುತ್ತಾರೆ. ರೇಷನ್ ಅಕ್ಕಿ ಹಸನು ಮಾಡುವ ಹೆಂಗಸರ ಕಣ್ಣಿಗೆ ಅದು ಬೇರೆಯಾಗಿಯೇ ಕಂಡು ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಹೆಸರು ಹುಟ್ಟಿ, ಆರಿಸಿ ಎಸೆದದ್ದೂ ಉಂಟು. ಅದು ಪ್ಲಾಸ್ಟಿಕ್ ಅಲ್ಲ. ಆದರೆ ತಟ್ಟೆಗೆ ಏನು ಸೇರಿಸುತ್ತಿದ್ದೇವೆ ಎಂದು ತಿನ್ನುವವರಿಗೆ ಅವರ ಮಾತಿನಲ್ಲಿ ಮೊದಲೇ ತಿಳಿಸಿದ್ದರೆ ಆ ಹೆಸರು ಹುಟ್ಟುತ್ತಿರಲಿಲ್ಲ.

ಗುಳಿಗೆ ಬೇಡ ಎನ್ನುವುದು ನನ್ನ ವಾದವಲ್ಲ. ನಯಾಸಿನ್ ಕೊಟ್ಟರೆ ಪೆಲಾಗ್ರದ ರೋಗಿಯ ಭ್ರಮೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಗರ್ಭದ ಮೊದಲ ವಾರಗಳಲ್ಲಿ ಫೋಲಿಕ್ ಆಮ್ಲ ಇದ್ದರೆ ಕೂಸಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳಲು ನೆರವಾಗುತ್ತದೆ. ಅಂಥ ಹೊತ್ತಿನಲ್ಲಿ ಗುಳಿಗೆಯನ್ನು ಎಡಗೈಯಿಂದ ಸರಿಸುವುದು ಪಾಪ. ನನಗೆ ನೆನಪಾಗುವುದು ಗೋಪಾಲನ್ ಅವರ ದಾರಿ. ಮಕ್ಕಳ ಕುರುಡು ತಡೆಯಲು ಆರು ತಿಂಗಳಿಗೊಮ್ಮೆ ‘ಎ’ ಜೀವಸತ್ವದ ದೊಡ್ಡ ಡೋಸ್ ಕೊಡುವ ಕ್ರಮ ರೂಪುಗೊಂಡದ್ದು ಅವರದೇ ಸಂಸ್ಥೆಯಲ್ಲಿ. ಅದೇ ಗೋಪಾಲನ್ ಮುಂದೆ, ಅದನ್ನು ಎಲ್ಲ ಮಕ್ಕಳಿಗೂ ಕಣ್ಣುಮುಚ್ಚಿ ಹಂಚುತ್ತಾ ಹೋಗುವುದನ್ನು ವಿರೋಧಿಸಿ, ಶಾಶ್ವತ ಪರಿಹಾರ ಊಟದಲ್ಲಿದೆ ಎಂದು ಪಟ್ಟು ಹಿಡಿದು ಬರೆದರು. 2019ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಗುಳಿಗೆಯನ್ನು ಎಣಿಸುವುದು ಸುಲಭ. ಇಷ್ಟು ಬಂತು, ಇಷ್ಟು ಹಂಚಿದೆವು ಎಂದು ರಿಜಿಸ್ಟರಿನಲ್ಲಿ ಬರೆಯಬಹುದು. ಒಂದು ಮನೆಯಲ್ಲಿ ವಾರಕ್ಕೆ ಎಷ್ಟು ದಿನ ಬೇಳೆ ಕುದಿಯಿತು, ಕೊನೆಗೆ ಉಣ್ಣುವವಳಿಗೆ ಅದು ಉಳಿಯಿತೇ ಎಂದು ಬರೆಯಲು ಆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ. ತೊಗರಿ ಬೆಳೆಯುವ ತಾಲ್ಲೂಕಿನಲ್ಲಿ ಮೊದಲು ಬೇಕಾಗಿರುವುದು ಆ ಕಾಲಂ.